ರಾಮಾಚಾರಿ ಹಾರಿದ ಬಂಡೆ ಯಾವುದು?

ಬೆಳಗಿನ ಆರು ಗಂಟೆ. ಮೆಜೆಸ್ಟಿಕ್ ಬಸ್ ನಿಲ್ದಾಣ. ಕಂಡಕ್ಟರ್ ಸೀಟಿ ಊದಿದ, ದುರ್ಗದ ಬಸ್ಸು ಹೊರಟಿತು. ಜೇಬಿನಲ್ಲಿ ಸಂಪಾದಕರು ಕೊಟ್ಟ ಬಸ್ ಚಾರ್ಜು, ಒಂದು ಊಟದ ಕಾಸು, ಮಡಚಿದ ಒಂದು ಹಾಳೆ. ಹಾಳೆಯಲ್ಲಿ ಒಂದರಿಂದ ಐದರವರೆಗೆ ಅಂಕಿ. ಅಂಕಿಗಳ ಮುಂದೆ ಏನೂ ಇಲ್ಲ!

ಇದಕ್ಕೆ ಕಾರಣ ಹಿಂದಿನ ದಿನ ಕಚೇರಿಯಲ್ಲಿ ನಡೆದ ಜಗಳ. "ವಿಷ್ಣುವರ್ಧನ್ ಅಭಿನಯದ ಐದು ಶ್ರೇಷ್ಠ ಚಿತ್ರಗಳು. ಪಟ್ಟಿ ಮಾಡಿ, ಕಾರಣ ಬರೆದು ಕೊಡಯ್ಯ" ಎಂದಿದ್ದರು ಸಂಪಾದಕರು. ನಾನು ಅರ್ಧ ನಿಮಿಷದಲ್ಲಿ 'ನಾಗರಹಾವು' ಅಂತ ಮೊದಲ ಸಾಲಿನಲ್ಲಿ ಗೀಚಿದೆ.

"ಯಾಕೆ ಅದೇ ಮೊದಲು?"

"ಅದು ಮೊದಲು ಸಾರ್. ಅಷ್ಟೇ!"

"ಅಷ್ಟೇ ಅನ್ನೋದು ವಿಮರ್ಶೆ ಅಲ್ಲ, ಜೈಕಾರ. ಥಿಯೇಟರ್ ಮುಂದೆ ಕೂಗೋಕೆ ಚೆನ್ನ, ಅಚ್ಚು ಹಾಕೋಕಲ್ಲ. ದುರ್ಗ ನೀನು ಓದಿದ ಊರು ತಾನೇ? ಹೋಗಿ ಕೋಟೆ ಮೇಲೆ ನಿಂತ್ಕೊಂಡು ಯೋಚನೆ ಮಾಡು. ಆಮೇಲೆ ಬರಿ" ಎಂದು ನನ್ನ ಸಾಲನ್ನು ಹೊಡೆದುಹಾಕಿ, ಹೊಸ ಹಾಳೆ ಕೈಗಿಟ್ಟರು.

ಓದಿದ ಊರು ಅಂದದ್ದು ಸಂಪಾದಕರ ದೊಡ್ಡತನ. ಓದು ಬಿಟ್ಟ ಊರು ಅಂದರೆ ಸರಿ.

ಕಾಲರ್ ಎತ್ತಿದ ದಿನ

ತುಮಕೂರು ದಾಟಿತು, ಸಿರಾ ದಾಟಿತು. ಹಿರಿಯೂರು ಬರುವ ಹೊತ್ತಿಗೆ ಬಿಸಿಲು ಕಿಟಕಿಯಲ್ಲಿ ಕೂತಿತ್ತು. ಈ ದಾರಿಯನ್ನು ನಾನು ಬೇಕೆಂದೇ ತಪ್ಪಿಸಿಕೊಂಡು ಹತ್ತು ವರ್ಷ ದಾಟಿತ್ತು ಮಿತ್ರರೇ. ಕಾರಣ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಬರೆದರೆ ಈ ಪ್ರವಾಸಕ್ಕೆ ಅರ್ಥವೇ ಇಲ್ಲ.

ದುರ್ಗದ ಒಂದು ಕಾಲೇಜಿನಲ್ಲಿ ನಾನು ಎರಡನೇ ಪಿಯುಸಿ. ಒಂದು ದಿನ ತುಂಬಿದ ಕ್ಲಾಸಿನಲ್ಲಿ ಉಪನ್ಯಾಸಕರೊಬ್ಬರು ನನ್ನ ಅಪ್ಪನ ಕಸುಬು ಎತ್ತಿ ಒಂದು ಮಾತು ಆಡಿದರು. ಹುಡುಗರು ನಕ್ಕರು. ನಾನು ಎದ್ದೆ, ಪುಸ್ತಕ ಬೆಂಚಿನ ಮೇಲೇ ಬಿಟ್ಟೆ, ಶರ್ಟಿನ ಕಾಲರ್ ಎತ್ತಿ ಹೊರಗೆ ನಡೆದೆ. ನನ್ನ ಮಟ್ಟಿಗೆ ಆಗ ಹಿನ್ನೆಲೆ ಸಂಗೀತ ಬಾರಿಸುತ್ತಿತ್ತು. ಚಿಕ್ಕಂದಿನಿಂದ ಟಿ.ವಿ.ಯಲ್ಲಿ ಎಷ್ಟು ಸಲ 'ನಾಗರಹಾವು' ನೋಡಿದ್ದೆನೋ, ಲೆಕ್ಕವಿಲ್ಲ. ರಾಮಾಚಾರಿಗೆ ಅವಮಾನವಾದರೆ ರಾಮಾಚಾರಿ ಎಲ್ಲಿಗೆ ಹೋಗುತ್ತಾನೆ? ಕೋಟೆಗೆ. ನಾನೂ ಕೋಟೆಗೆ ಹೋದೆ.

ಸಂಜೆಯವರೆಗೆ ಯಾರೂ ಹುಡುಕಿಕೊಂಡು ಬರಲಿಲ್ಲ. ಕೊನೆಗೆ ಒಬ್ಬರು ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಐವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ನಾಳೆ ಹೋಗಿ ಕ್ಷಮೆ ಕೇಳೋ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು, "ಹೇಳೋಕೆ ನೀವೇನು ನಮ್ಮಪ್ಪನಾ?" ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಬಂದ ಹಾಗೇ ಇಳಿದು ಹೋದರು.

ಮೂರನೇ ದಿನ ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಅಷ್ಟೇ ನನ್ನ ವಿದ್ಯಾಭ್ಯಾಸ!

ಕಲ್ಲಿನ ಮೇಲೆ ಬರೆದ ಚಿತ್ರ

ಚಿತ್ರದುರ್ಗದಲ್ಲಿ ಇಳಿದು, ಒಂದು ಲೋಟ ಚಹಾ ಕುಡಿದು, ನೇರ ಕೋಟೆಗೆ ನಡೆದೆ. ಏಳು ಸುತ್ತಿನ ಕೋಟೆ. ಬಾಗಿಲಿಂದ ಬಾಗಿಲಿಗೆ ದಾರಿ ನೇರವಾಗಿ ಹೋಗುವುದಿಲ್ಲ, ಹಾವಿನ ಹಾಗೆ ಸುತ್ತುತ್ತದೆ. ಶತ್ರುವಿಗೆ ಮುಂದಿನ ಬಾಗಿಲು ಕಾಣಬಾರದು, ಆನೆ ಓಡಿಬಂದು ಗುದ್ದಬಾರದು ಎಂಬ ಲೆಕ್ಕಾಚಾರ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ. ಮದಕರಿ ನಾಯಕರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆದರೂ ಇವತ್ತಿಗೂ ದುರ್ಗದವರ ಬಾಯಲ್ಲಿ ಮದಕರಿ ಮೊನ್ನೆ ಮೊನ್ನೆ ಇದ್ದವರು.

ಓಬವ್ವನ ಕಿಂಡಿಯ ಹತ್ತಿರ ಜನವೋ ಜನ. ಒಬ್ಬ ಮನುಷ್ಯ ತೆವಳಿ ನುಸುಳುವಷ್ಟೇ ಸಂದಿ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ನೀರಿಗೆ ಬಂದ ಹೆಣ್ಣುಮಗಳು, ನುಸುಳಿ ಬರುತ್ತಿದ್ದ ಶತ್ರು ಸೈನಿಕರನ್ನು ಒಬ್ಬೊಬ್ಬರನ್ನೇ ಒನಕೆಯಿಂದ ಬಡಿದ ಕಥೆ ಗೊತ್ತಿಲ್ಲದ ಕನ್ನಡಿಗ ಇದ್ದಾನೆಯೇ? ಆದರೆ ಒಂದು ಮಾತು ಗಮನಿಸಿ. ಅಲ್ಲಿ ಒಬ್ಬ ತಾಯಿ ಮಗುವಿಗೆ ಓಬವ್ವನ ಕಥೆ ಹೇಳುತ್ತಿದ್ದಳು. ಹೇಳುತ್ತಾ ಕೈ ಎತ್ತಿದ ರೀತಿ ಇದೆಯಲ್ಲ, ಅದು ಜಯಂತಿಯವರದ್ದು! 'ನಾಗರಹಾವು' ಚಿತ್ರದ ಒಂದೇ ಒಂದು ಹಾಡಿನಲ್ಲಿ ಬಂದುಹೋದ ಜಯಂತಿ ಓಬವ್ವನ ಮುಖವನ್ನೇ ಬರೆದುಬಿಟ್ಟರು.

ಪುಟ್ಟಣ್ಣ ಕಣಗಾಲ್ ಮಾಡಿದ ಕೆಲಸ ಅದೇ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರು ಕಾದಂಬರಿಗಳನ್ನು ಸೇರಿಸಿ, ವೀರಾಸ್ವಾಮಿಯವರ ಈಶ್ವರಿ ಲಾಂಛನದಲ್ಲಿ ಚಿತ್ರ ಮಾಡಿದರು. 1972ರ ಡಿಸೆಂಬರ್ ಕೊನೆಯಲ್ಲಿ ಚಿತ್ರ ತೆರೆಗೆ ಬಂತು. ಮೈಸೂರಿನ ಸಂಪತ್ ಕುಮಾರ್ ಎಂಬ ಹುಡುಗನಿಗೆ ಆಗ 22 ವರ್ಷ. ಅದಕ್ಕೆ ಮೊದಲು 'ವಂಶವೃಕ್ಷ'ದಲ್ಲಿ ಸಣ್ಣ ಪಾತ್ರ ಮಾಡಿದ್ದ. ಪುಟ್ಟಣ್ಣ ವಿಷ್ಣುವರ್ಧನ್ ಎಂದು ಹೆಸರಿಟ್ಟರು, ಬಂಡೆಯ ಮೇಲೆ ನಿಲ್ಲಿಸಿದರು. ಅದೇ ಚಿತ್ರದಲ್ಲಿ ಜಲೀಲನಾಗಿ ಇನ್ನೊಬ್ಬ ಹುಡುಗ ಮೊದಲ ಸಲ ಬಣ್ಣ ಹಚ್ಚಿದ. ಅಂಬರೀಷ್! ಒಂದೇ ಚಿತ್ರ ಕನ್ನಡಕ್ಕೆ ಎರಡು ಹುಲಿಮರಿ ಕೊಟ್ಟಿತು.

ಕಾದಂಬರಿಯ ನಾಗರಹಾವು ಚಿತ್ರದಲ್ಲಿ ಕೇರೆಹಾವಾಯಿತು ಎಂದು ತ.ರಾ.ಸು. ಮುನಿಸಿಕೊಂಡರು ಎಂಬುದು ಗಾಂಧಿನಗರದ ಹಳೆಯ ಮಾತು. ಬರೆದವರಿಗೆ ಆ ಅಧಿಕಾರ ಇದೆ ಬಿಡಿ. ನೋಡಿದವರಿಗೆ ಮಾತ್ರ ಅದು ಹೆಡೆ ಎತ್ತಿಯೇ ಕಂಡಿತು.

ಗೈಡ್‌ಗಳ ಜಗಳ

ನನಗೆ ಬೇಕಾಗಿದ್ದದ್ದು ಒಂದೇ. ಕೊನೆಯ ದೃಶ್ಯದಲ್ಲಿ ಚಾಮಯ್ಯ ಮೇಷ್ಟ್ರು ಬಿದ್ದು, ರಾಮಾಚಾರಿ ಮಾರ್ಗರೆಟ್ ಕೈ ಹಿಡಿದು ಹಾರಿದ ಬಂಡೆ.

ಮೊದಲ ಗೈಡ್ ಒಂದು ಬಂಡೆ ತೋರಿಸಿದ. "ಇದೇ ಸಾರ್. ನಮ್ಮಪ್ಪ ಶೂಟಿಂಗ್ ನೋಡಿದ್ರು." ನಾನು ನಮಸ್ಕಾರ ಮಾಡಿದೆ. ಇನ್ನೊಬ್ಬ ಬಂದು, "ಅವನಿಗೇನ್ ಗೊತ್ತು ಬಿಡ್ರೀ, ಅಲ್ನೋಡಿ, ಆ ಕಡೆ" ಎಂದು ಬೇರೆ ಗುಡ್ಡಕ್ಕೆ ಬೆರಳು ಮಾಡಿದ. ಸೌತೆಕಾಯಿ ಮಾರುವ ಅಜ್ಜಿ ಇಬ್ಬರನ್ನೂ ಬೈದು ಮೂರನೆಯದನ್ನು ತೋರಿಸಿದಳು. "ನಾನೇ ಕಣ್ಣಾರೆ ಕಂಡಿದೀನಿ ಕಣಪ್ಪ, ಆ ಹುಡುಗ ಏನ್ ಚೆಂದ ಇದ್ದ!" ಮೂರು ಬಂಡೆಗೂ ಕೈ ಮುಗಿದೆ. ಯಾವುದಾದರೇನು?

ಅಕ್ಕ ತಂಗಿಯರ ಹೊಂಡದ ದಂಡೆಯಲ್ಲಿ ಕೂತು ಹಾಳೆ ಬಿಚ್ಚಿದೆ. ಒಬ್ಬನೇ ನಟನ ಚಿತ್ರಗಳನ್ನು ತೂಗುವುದು ಹೇಗೆ? ಕಲೆಕ್ಷನ್ ನೋಡಿಯೇ? ಎಷ್ಟು ವಾರ ಓಡಿತು ಎಂದೇ? ಅದು ಹಂಚಿಕೆದಾರರ ತಕ್ಕಡಿ. ಫೈಟು, ಹಾಡು, ಡೈಲಾಗು ಎಣಿಸಿದರೆ ಅದು ಸಂತೆಯ ತಕ್ಕಡಿ. ನಾನು ಬೇರೆ ತಕ್ಕಡಿ ಹುಡುಕಿದೆ. ಎದುರಿಗಿರುವವರು ಮಾತಾಡುವಾಗ ಈ ನಟ ಏನು ಮಾಡುತ್ತಾನೆ? ಕೇಳಿಸಿಕೊಳ್ಳುತ್ತಾನೋ, ತನ್ನ ಸರದಿಗೆ ಕಾಯುತ್ತಾನೋ?

ಈ ತಕ್ಕಡಿಯಲ್ಲಿ 'ನಾಗರಹಾವು' ಇಟ್ಟೆ. 2018ರಲ್ಲಿ ಹೊಸ ಬಣ್ಣ, ಹೊಸ ಶಬ್ದದೊಂದಿಗೆ ಮತ್ತೆ ಬಿಡುಗಡೆಯಾದಾಗ ಬೆಂಗಳೂರಿನಲ್ಲಿ ಮೂರು ಸಲ ನೋಡಿದ್ದೆ. ನೆನಪು ಮಾಡಿಕೊಂಡೆ. ಇಡೀ ಊರು ಮಾತಾಡಿದರೂ ರಾಮಾಚಾರಿ ಕೇಳುವುದಿಲ್ಲ. ಕಣ್ಣು ಉರಿಯುತ್ತದೆ, ಕತ್ತು ನೆಟ್ಟಗಾಗುತ್ತದೆ. ಚಾಮಯ್ಯ ಮೇಷ್ಟ್ರು ಬಂದರೆ ಮಾತ್ರ ಆ ಕತ್ತು ತಾನಾಗಿ ಬಾಗುತ್ತದೆ. ಅಶ್ವಥ್ ಎದುರಿಗೆ ನಿಂತಾಗ ವಿಷ್ಣು ಕಣ್ಣು ನೋಡಿ. ಹೊಸ ಹುಡುಗ ದೊಡ್ಡ ನಟನಿಗೆ ಹೆದರಿದ್ದೋ, ಶಿಷ್ಯ ಗುರುವಿಗೆ ಸೋತದ್ದೋ, ಬೇರೆ ಮಾಡಿ ಹೇಳಲು ಆಗುವುದಿಲ್ಲ. ಪುಟ್ಟಣ್ಣನಿಗೆ ಬೇಕಾಗಿದ್ದದ್ದೂ ಅದೇ.

ಆಮೇಲೆ 1974ರ 'ಭೂತಯ್ಯನ ಮಗ ಅಯ್ಯು'. ಸಿದ್ಧಲಿಂಗಯ್ಯನವರ ನಿರ್ದೇಶನ, ಗೊರೂರರ ಕಥೆ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣು. ಇಲ್ಲೂ ಸಿಟ್ಟಿದೆ. ಆದರೆ ಇದು ಕಾಲೇಜು ಹುಡುಗನ ಸಿಟ್ಟಲ್ಲ. ಮನೆ ಕಳೆದುಕೊಂಡವನ ಸಿಟ್ಟು. ಮಣ್ಣಿನ ವಾಸನೆ ಇದೆ. 1982ರ 'ಸಾಹಸಸಿಂಹ' ಬಿರುದು ಕೊಟ್ಟಿತು, ಅಭಿಮಾನಿಗಳಿಗೆ ಹಬ್ಬ ಕೊಟ್ಟಿತು. ನಾವೆಲ್ಲ ಶಿಳ್ಳೆ ಹೊಡೆದ ಚಿತ್ರವೇ. ಆದರೆ ಅಲ್ಲಿ ಅವರು ಯಾರ ಮಾತು ಕೇಳಬೇಕಿತ್ತು ಹೇಳಿ? ಎದುರಿಗಿದ್ದವರೆಲ್ಲ ಖಳರು!

ಅಷ್ಟರಲ್ಲಿ ಹೊಂಡದ ನೀರಿನ ಮೇಲೆ ನೆರಳು ಉದ್ದವಾಯಿತು. ಹಾಳೆ ಇನ್ನೂ ಖಾಲಿ. ಮನಸ್ಸು ಚಿತ್ರದ ಮೇಲಿರಲಿಲ್ಲ. ಹತ್ತು ವರ್ಷದ ಹಿಂದೆ ನಾನು ಕೂತಿದ್ದೂ ಇದೇ ದಂಡೆಯ ಮೇಲೆ.

ಬಾಗಿಲು ತಟ್ಟಿದೆ

ಮೇಷ್ಟ್ರ ಮನೆ ಊರೊಳಗೆ, ಸಂತೆಹೊಂಡದಿಂದ ಸ್ವಲ್ಪ ದೂರ. ಬಾಗಿಲ ಮುಂದೆ ಐದು ನಿಮಿಷ ನಿಂತೆ. ಚಿಲಕಕ್ಕೆ ಕೈ ಇಟ್ಟೆ, ತೆಗೆದೆ. ಒಳಗಿಂದ ಅಮ್ಮನವರೇ ಬಂದರು.

"ಯಾರಪ್ಪಾ?"

ಹೆಸರು ಹೇಳಿದೆ. ಒಳಗಿಂದ ಕೆಮ್ಮು, ಅದರ ಹಿಂದೆಯೇ ಧ್ವನಿ. "ಯಾರು? ಕೋಟೆ ಹತ್ತಿದೋನಾ? ಒಳಗೆ ಬರಕ್ಕೆ ಹೇಳೇ."

ಮೇಷ್ಟ್ರು ಸೊರಗಿದ್ದರು. ಕಣ್ಣಿಗೆ ದಪ್ಪ ಕನ್ನಡಕ. ನಾನು ಕಾಲಿಗೆ ಬಿದ್ದೆ. "ಎದ್ದೇಳೋ, ಸಾಕು. ಏನ್ ಕೆಲ್ಸ ಮಾಡ್ತಿದೀಯ?" ಎಂದರು. ಸಿನಿಮಾ ಪತ್ರಿಕೆಗೆ ಬರೆಯುತ್ತೇನೆ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಕಾಗುಣಿತ ತಪ್ಪಿಲ್ದೆ ಬರೀತೀಯ ತಾನೇ?" ಎಂದರು. ಅಮ್ಮನವರು ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದಿಟ್ಟರು. ಕ್ಷಮೆ ಕೇಳಬೇಕು ಎಂದು ಬಾಯಿ ತೆರೆದೆ. ಹೊರಗೆ ಬಂದದ್ದು ಪಟ್ಟಿಯ ಮಾತು. "ಮೇಷ್ಟ್ರೇ, ವಿಷ್ಣು ಚಿತ್ರಗಳಲ್ಲಿ ಯಾವುದು ಮೊದಲು?"

ಅವರು ನಗಲಿಲ್ಲ. ನಿಜವಾಗಿ ಯೋಚನೆ ಮಾಡಿದರು.

"'ಬಂಧನ' ನೋಡಿದೀಯ?"

ನೋಡದೇ ಇರುತ್ತೇನೆಯೇ! 1984ರ ಚಿತ್ರ. ಉಷಾ ನವರತ್ನರಾಂ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಡಾಕ್ಟರ್ ಹರೀಶ್ ಆಗಿ ವಿಷ್ಣು, ನಂದಿನಿಯಾಗಿ ಸುಹಾಸಿನಿ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವ ಮೊದಲೇ ಅವಳು ಬೇರೆಯವನ ಪಾಲಾಗುತ್ತಾಳೆ.

"ಅಲ್ಲಿ ಅವ್ನು ಕೂಗಾಡ್ತಾನಾ? ಯಾರನ್ನಾದ್ರೂ ಕಂಬಕ್ಕೆ ಕಟ್ತಾನಾ? ರಾಮಾಚಾರಿಗೆ ಅಲಮೇಲು ತಪ್ಪಿದಾಗ ಆದ ನೋವೇ ಇವನಿಗೂ ಆಗಿದ್ದು. ಇವ್ನು ನುಂಗ್ಕೊಂಡ, ಮಾರನೇ ದಿನ ಆಸ್ಪತ್ರೆಗೆ ಹೋದ. ನೋಡಪ್ಪ, ರಾಮಾಚಾರಿ ಬೆಟ್ಟದಿಂದ ಹಾರಿಬಿಟ್ಟ. ಅಲ್ಲಿಗೆ ಅವನ ಕಥೆ ಮುಗೀತು. ಆದ್ರೆ ಆ ಪಾತ್ರ ಮಾಡಿದ ಹುಡುಗ ಹಾರಲಿಲ್ಲ. ಕೆಳಗಿಳಿದು ಬಂದ. ಮುವ್ವತ್ತೇಳು ವರ್ಷ ಕೆಲ್ಸ ಮಾಡ್ದ. ಹಾರದೇ ಇದ್ದಿದ್ರೆ ರಾಮಾಚಾರಿ ಏನಾಗ್ತಿದ್ದ? ಅದನ್ನ ಬಾಕಿ ಚಿತ್ರಗಳಲ್ಲಿ ನೋಡು."

ನಾನು ಬೋಂಡ ಕೈಯಲ್ಲೇ ಹಿಡಿದು ಕೂತೆ. ಒಂದೊಂದೇ ಚಿತ್ರ ಕಣ್ಣ ಮುಂದೆ ಬಂತು. 1988ರ 'ಸುಪ್ರಭಾತ'ದ ಮೆತ್ತಗಿನ ಮನುಷ್ಯ. 1990ರ 'ಮುತ್ತಿನ ಹಾರ'ದ ಕೊಡಗಿನ ಯೋಧ ಅಚ್ಚಪ್ಪ, ದೇಶಕ್ಕಾಗಿ ಮನೆಯ ಮುತ್ತುಗಳನ್ನು ಒಂದೊಂದಾಗಿ ಕಳೆದುಕೊಳ್ಳುವವ. 2000ದ 'ಯಜಮಾನ'ದ ಅಣ್ಣ. 2004ರ 'ಆಪ್ತಮಿತ್ರ'ದ ಮನೋವೈದ್ಯ. ಇನ್ನೊಬ್ಬರ ಮನಸ್ಸಿನೊಳಗಿನ ಕೂಗು ಕೇಳಿಸಿಕೊಳ್ಳುವುದೇ ಅವನ ಕಸುಬು! ಯಾರ ಮಾತೂ ಕೇಳದ ಹುಡುಗ ಕೊನೆಗೆ ಎಲ್ಲರ ಮಾತು ಕೇಳುವ ಡಾಕ್ಟರಾದ. ಹೊಂಡದ ದಂಡೆಯಲ್ಲಿ ನಾನು ಹಿಡಿದ ತಕ್ಕಡಿ ಮೇಷ್ಟ್ರ ಮನೆಯಲ್ಲಿ ತೂಕ ತೋರಿಸಿತು.

"ಹಾಗಾದ್ರೆ 'ನಾಗರಹಾವು' ಚೆನ್ನಾಗಿಲ್ವಾ ಮೇಷ್ಟ್ರೇ?"

"ಯಾರಂದ್ರು? ನಾನು ಅದನ್ನ ರಾಮಾಚಾರಿಗೋಸ್ಕರ ನೋಡಲ್ಲ, ಚಾಮಯ್ಯನಿಗೋಸ್ಕರ ನೋಡ್ತೀನಿ. ನೀವೆಲ್ಲ ರಾಮಾಚಾರಿ ಕಾಲರ್ ನೋಡ್ತೀರಿ. ಚಾಮಯ್ಯ ಮಾಡಿದ ತಪ್ಪು ಯಾರೂ ನೋಡಲ್ಲ. ಅಲಮೇಲು ವಿಷ್ಯದಲ್ಲೂ ಬಂದ, ಮಾರ್ಗರೆಟ್ ವಿಷ್ಯದಲ್ಲೂ ಬಂದ. ಎರಡು ಸಲಾನೂ 'ನನ್ ಮಾತು ಕೇಳು' ಅಂದ. 'ನಿಂಗೇನ್ ಬೇಕಪ್ಪಾ' ಅಂತ ಒಂದ್ ಸಲ ಕೇಳಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಆವತ್ತು ನಾನೂ ಮೇಲೆ ಬಂದೆ. ಕ್ಷಮೆ ಕೇಳು ಅಂದೆ. ಆ ಮನುಷ್ಯ ನಿಂಗೆ ಏನಂದ ಅಂತ ಕೇಳಲೇ ಇಲ್ಲ. ಆಮೇಲೆ ಗೊತ್ತಾಯ್ತು. ನಿಮ್ಮೂರಿಗೆ ಹೋದೆ. ನೀನು ಬೆಂಗ್ಳೂರು ಬಸ್ ಹತ್ತಿ ಆಗಿತ್ತು."

ಮಿತ್ರರೇ, ನಾನು ಕ್ಷಮೆ ಕೇಳಲು ಹೋದವನು. ಅಲ್ಲಿ ಆದದ್ದು ಇದು. ನನಗೆ ಮಾತು ಹೊರಡಲಿಲ್ಲ. ಅಮ್ಮನವರು ಬಂದು, "ಬೋಂಡ ಆರೋಯ್ತು ನೋಡು, ತಿನ್ನಪ್ಪ" ಎಂದರು. ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಮೆಣಸಿನಕಾಯಿ ಕಾರಣವೆಂದು ಇಟ್ಟುಕೊಳ್ಳಿ. ಎದ್ದು ಹೊರಡುವಾಗ ಹೇಗೋ ಹೇಳಿದೆ. "ಆವತ್ತು ಹಂಗನ್ನಬಾರದಿತ್ತು ಮೇಷ್ಟ್ರೇ." ಅವರು ನನ್ನ ಕಾಲರ್ ಮುಟ್ಟಿ ನೋಡಿದರು. ಮಡಚಿಯೇ ಇತ್ತು. "ಹೋಗ್ಲಿ ಬಿಡೋ. ಪತ್ರಿಕೆ ಬಸ್ ಸ್ಟ್ಯಾಂಡಲ್ಲಿ ಸಿಗುತ್ತಾ? ತರಿಸ್ತೀನಿ" ಎಂದರು.

ಹತ್ತೊಂಬತ್ತು ದಿನ

ವಾಪಸು ಬರುವ ಬಸ್ಸಿನಲ್ಲಿ ಒಂದು ಸಂಗತಿ ನೆನಪಾಯಿತು. ಚಿತ್ರದಲ್ಲಿ ಗುರು ಮೊದಲು ಹೋಗುತ್ತಾನೆ, ಶಿಷ್ಯ ಹಿಂದೆಯೇ ಹಾರುತ್ತಾನೆ. ನಿಜ ಜೀವನದಲ್ಲಿ ತಿರುಗುಮುರುಗಾಯಿತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಕಣ್ಣು ಮುಚ್ಚಿದರು. ಕೆ.ಎಸ್. ಅಶ್ವಥ್ ಅದೇ ಮೈಸೂರಿನಲ್ಲಿ 2010ರ ಜನವರಿ 18ರಂದು ಹೋದರು. ಹತ್ತೊಂಬತ್ತೇ ದಿನ. ಈ ಸಲ ಹಿಂದೆ ಹೋದವರು ಮೇಷ್ಟ್ರು.

ಹಿರಿಯೂರಿನಲ್ಲಿ ಬಸ್ಸು ನಿಂತಾಗ ಹಾಳೆ ತೆಗೆದು ತೊಡೆಯ ಮೇಲಿಟ್ಟು ಬರೆದೆ. ಒಂದು, 'ಬಂಧನ'. ಎರಡು, 'ಮುತ್ತಿನ ಹಾರ'. ಮೂರು, 'ಭೂತಯ್ಯನ ಮಗ ಅಯ್ಯು'. ನಾಲ್ಕು, 'ಸುಪ್ರಭಾತ'. ಐದು, 'ಆಪ್ತಮಿತ್ರ'.

'ನಾಗರಹಾವು' ಎಲ್ಲಿ ಎಂದು ಕಲ್ಲು ಎತ್ತಬೇಡಿ ಅಭಿಮಾನಿ ಬಂಧುಗಳೇ! ಅದನ್ನು ಬಿಟ್ಟಿಲ್ಲ. ಅಂಕಿಗಳೆಲ್ಲದರ ಮೇಲೆ, ಅಂಕಿ ಹಾಕದೆ ಬರೆದಿದ್ದೇನೆ. 200ಕ್ಕೂ ಹೆಚ್ಚು ಚಿತ್ರಗಳ ದೂರವನ್ನು ಅಳೆಯುವುದು ಅಲ್ಲಿಂದ. ದುರ್ಗದ ಬಂಡೆಯಿಂದ ಇಳಿದು ಆ ಹುಡುಗ ಎಷ್ಟು ದೂರ ನಡೆದ ಎಂದು ತಿಳಿಯಬೇಕಾದರೆ ಮೊದಲು ಬಂಡೆ ಹತ್ತಲೇಬೇಕು.

ಸಂಪಾದಕರು ಹಾಳೆ ನೋಡಿದರು. "ಇದಕ್ಕೆ ಕಾರಣ ಇದೆಯೇನಯ್ಯ?" ಎಂದು ಕೇಳಿದರು.

"ಇದೆ ಸಾರ್" ಎಂದೆ. ಕೂತು ಬರೆದೆ. ನೀವು ಓದಿದ್ದು ಅದನ್ನೇ.

ನೀವು ದುರ್ಗಕ್ಕೆ ಹೋದರೆ ಗೈಡ್ ತೋರಿಸಿದ ಬಂಡೆಗೆ ಕೈ ಮುಗಿಯಿರಿ, ಓಬವ್ವನ ಕಿಂಡಿ ನೋಡಿ, ಸೌತೆಕಾಯಿ ಅಜ್ಜಿಯ ಹತ್ತಿರ ಸೌತೆಕಾಯಿ ಕೊಳ್ಳಿ. ಬಂಡೆಯ ತುದಿಗೆ ಮಾತ್ರ ಹೋಗಬೇಡಿ, ಕಲ್ಲು ಜಾರುತ್ತದೆ. ಇಳಿದು ಬಂದ ಮೇಲೆ, ಊರಲ್ಲಿ ನಿಮ್ಮ ಮೇಷ್ಟ್ರು ಇದ್ದರೆ, ಬಾಗಿಲು ತಟ್ಟಿ ಬನ್ನಿ.